ಹುಲ್ಲು ಕತ್ತರಿಸುವ ಯಂತ್ರ ಸ್ಟಾರ್ಟ್ ಆಗ್ತಿಲ್ವಾ? ಹಗ್ಗ ಬಿಡಿ, ಪ್ಲಗ್ ಬಿಚ್ಚಿ

ಮಿರಗದ ಮಳೆ ನಾಲ್ಕು ದಿನ ಬಿದ್ದರೆ ಸಾಕು, ಬೆಳಗಾವಿ ಟಿಳಕವಾಡಿಯ ಬಂಗಲೆ ಅಂಗಳದಲ್ಲೂ ಬಾಗಲಕೋಟೆ ನವನಗರದ ಖಾಲಿ ಸೈಟಿನಲ್ಲೂ ಕರಿಕೆ, ಕಾಂಗ್ರೆಸ್ ಕಸ ಎಲ್ಲಾ ಒಟ್ಟಿಗೇ ಎದ್ದು ನಿಲ್ಲುತ್ತವೆ. ಆಗ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿದ್ದ ಲಾನ್ ಮೋವರ್ ನೆನಪಾಗುತ್ತದೆ. ಹೊರಗೆ ತಂದು ಹಗ್ಗ ಜಗ್ಗುತ್ತೀರಿ. ಮತ್ತೆ ಜಗ್ಗುತ್ತೀರಿ. ಭುಜ ಹಿಡಿದುಕೊಳ್ಳುತ್ತದೆಯೇ ಹೊರತು ಎಂಜಿನ್ ಒಂದು ಸಲ ಕೆಮ್ಮುವುದೂ ಇಲ್ಲ.

ಹೀಗಾದಾಗ ನಮ್ಮಲ್ಲಿ ಬಹಳ ಜನ ಮಾಡುವುದು ಒಂದೇ, ಇನ್ನೂ ಜೋರಾಗಿ ಜಗ್ಗುವುದು. ಅದರಿಂದ ಹಗ್ಗ ಹರಿಯುತ್ತದೆ, ಒಳಗಿನ ಸ್ಪ್ರಿಂಗ್ ಹೋಗುತ್ತದೆ, ಸಿಲಿಂಡರ್‌ನಲ್ಲಿ ಪೆಟ್ರೋಲ್ ತುಂಬಿ ಸಮಸ್ಯೆ ಎರಡಾಗುತ್ತದೆ. ಏಳೆಂಟು ಸಲ ಜಗ್ಗಿದರೂ ಹತ್ತಲಿಲ್ಲ ಅಂದರೆ ಇನ್ನು ಜಗ್ಗಬೇಡಿ. ಈ ಸಣ್ಣ ಎಂಜಿನ್‌ಗೆ ಬೇಕಾಗಿದ್ದು ನಾಲ್ಕೇ: ಒಳ್ಳೆ ಪೆಟ್ರೋಲ್, ಕಿಡಿ, ಗಾಳಿ, ಕಂಪ್ರೆಷನ್ (ಸಿಲಿಂಡರ್‌ನೊಳಗೆ ಪಿಸ್ಟನ್ ಒತ್ತುವ ಒತ್ತಡ). ಇವುಗಳಲ್ಲಿ ಯಾವುದು ಬರ್ತಿಲ್ಲ ಅಂತ ಹುಡುಕಬೇಕು, ಅಷ್ಟೇ. ಅದನ್ನು ಹೇಳುವುದು ಪ್ಲಗ್, ಅಂದರೆ ಸಿಲಿಂಡರ್‌ನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್.

ಮೊದಲು ನಿಮ್ಮದು ಯಾವ ಯಂತ್ರ ಅಂತ ಗೊತ್ತಿರಲಿ. ನಾಲ್ಕು ಗಾಲಿಯ, ತಳ್ಳಿಕೊಂಡು ಹೋಗುವ ಮೋವರ್ ಸಾಮಾನ್ಯವಾಗಿ ಫೋರ್ ಸ್ಟ್ರೋಕ್. ಅದಕ್ಕೆ ಎಂಜಿನ್ ಆಯಿಲ್ ಹಾಕುವ ಬೇರೆ ಮುಚ್ಚಳ ಇರುತ್ತದೆ. ತಿಕೋಟಾ ಕಡೆಯ ದ್ರಾಕ್ಷಿ ತೋಟದಲ್ಲಿ, ಮುಧೋಳದ ಕಬ್ಬಿನ ಹೊಲದ ಬದುವಿನ ಮೇಲೆ ಹೆಗಲಿಗೆ ಹಾಕಿಕೊಂಡು ಓಡಾಡುವ ಬ್ರಷ್ ಕಟರ್ ಬಹುಪಾಲು ಟೂ ಸ್ಟ್ರೋಕ್, ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಫೋರ್ ಸ್ಟ್ರೋಕ್ ಬ್ರಷ್ ಕಟರ್‌ಗಳೂ ಬರುತ್ತವೆ, ಹಾಗಾಗಿ ಬರೀ ಆಕಾರ ನೋಡಿ ತೀರ್ಮಾನ ಮಾಡಬೇಡಿ. ಆಯಿಲ್‌ಗೆ ಬೇರೆ ಮುಚ್ಚಳ ಇದೆಯಾ ಇಲ್ವಾ, ಅದೇ ಗುರುತು.

ಕೈ ಹಾಕುವ ಮುಂಚೆ

ಬ್ಲೇಡ್ ಹತ್ತಿರ ಕೈ ಹೋಗುವ ಯಾವ ಕೆಲಸಕ್ಕೂ ಮೊದಲು ಪ್ಲಗ್‌ನ ರಬ್ಬರ್ ಟೋಪಿ ಕಿತ್ತು ಪಕ್ಕಕ್ಕೆ ಸರಿಸಿಡಿ. ಮೋವರ್‌ನಲ್ಲಿ ಬ್ಲೇಡ್ ನೇರವಾಗಿ ಎಂಜಿನ್ ದಂಡಕ್ಕೇ ಕೂತಿರುತ್ತದೆ, ಬ್ಲೇಡ್ ತಿರುಗಿಸಿದರೆ ಎಂಜಿನ್ ತಿರುಗುತ್ತದೆ, ಎಂಜಿನ್ ತಿರುಗಿದರೆ ಕಿಡಿ ಬರಬಹುದು, ಹತ್ತದೇ ಇದ್ದ ಯಂತ್ರ ಆಗಲೇ ಹತ್ತಿಬಿಡಬಹುದು. ಬೆರಳು ಹೋದ ಮೇಲೆ ಟೋಪಿ ನೆನಪಾದರೆ ಏನು ಉಪಯೋಗ? ಕೆಲಸ ಬಯಲಲ್ಲಿ ಮಾಡಿ. ಬೀಡಿ, ಸಿಗರೇಟು, ಒಲೆ ಹತ್ತಿರ ಬೇಡ. ಎಂಜಿನ್ ಬಿಸಿ ಇದ್ದರೆ ಆರುವ ತನಕ ಕಾಯಿರಿ.

ಮೋವರ್ ಮಗುಚಬೇಕಾದರೆ ಏರ್ ಫಿಲ್ಟರ್ ಮೇಲಕ್ಕೆ ಬರುವ ಹಾಗೆ ಮಗುಚಿ. ತಪ್ಪು ಮಗ್ಗುಲಿಗೆ ಮಲಗಿಸಿದರೆ ಎಂಜಿನ್ ಆಯಿಲ್ ಆ ಏರ್ ಫಿಲ್ಟರ್‌ಗೂ ಸಿಲಿಂಡರ್‌ಗೂ ಇಳಿಯುತ್ತದೆ, ಆಮೇಲೆ ಹಗ್ಗವೇ ಅಲುಗುವುದಿಲ್ಲ. ಹಾಗೆ ಆಗಿಹೋಗಿದ್ದರೆ ಪ್ಲಗ್ ಬಿಚ್ಚಿ, ತೂತಿನ ಮೇಲೆ ಬಟ್ಟೆ ಇಟ್ಟು ಮೆಲ್ಲಗೆ ಹಗ್ಗ ಎಳೆಯಿರಿ, ಆಯಿಲ್ ಹೊರಗೆ ಬರುತ್ತದೆ.

ನಾಚಿಕೆಯಾಗುವಷ್ಟು ಸಣ್ಣ ಕಾರಣಗಳು

ಇವನ್ನು ಒಂದು ನಿಮಿಷದಲ್ಲಿ ನೋಡಿ ಮುಗಿಸಿ. ಸ್ವಿಚ್ ಆನ್ ಇದೆಯಾ? ಪೆಟ್ರೋಲ್ ಕಾಕ್ ತೆರೆದಿದೆಯಾ? ಮೋವರ್ ಹಿಡಿಕೆಯ ಮೇಲೆ ಇನ್ನೊಂದು ಕಂಬಿ ಇರುತ್ತದಲ್ಲ, ಅದನ್ನು ಹಿಡಿಕೆಗೆ ಒತ್ತಿ ಹಿಡಿದುಕೊಂಡೇ ಹಗ್ಗ ಎಳೆಯಬೇಕು, ಬಿಟ್ಟರೆ ಕಿಡಿ ಕಟ್ ಆಗುತ್ತದೆ. ಹೊಸ ಮಾಲಿ ಬಂದಾಗ "ಮಶೀನ್ ಕೆಟ್ಟದರೀ ಸಾಹೇಬ್ರ" ಅನ್ನುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಪ್ಲಗ್ ಟೋಪಿ ಸರಿಯಾಗಿ ಕೂತಿದೆಯಾ ನೋಡಿ, ಒತ್ತಿದಾಗ ಟಕ್ ಅನ್ನಬೇಕು. ಆಯಿಲ್ ಮಟ್ಟವನ್ನೂ ಕಡ್ಡಿ ತೆಗೆದು ನೋಡಿ. ಆಯಿಲ್ ಕಡಿಮೆ ಇದ್ದರೆ ಕಿಡಿ ನಿಲ್ಲಿಸುವ ಏರ್ಪಾಡು ಕೆಲವು ಎಂಜಿನ್‌ಗಳಲ್ಲಿ ಇರುತ್ತದೆ.

ಚೋಕ್ (ತಣ್ಣಗಿನ ಎಂಜಿನ್ ಹತ್ತಲಿ ಅಂತ ಗಾಳಿ ಕಡಿಮೆ ಮಾಡುವ ಏರ್ಪಾಡು) ವಿಷಯದಲ್ಲಿ ಬ್ರಷ್ ಕಟರ್ ಇರುವವರು ಸ್ವಲ್ಪ ಗಮನ ಕೊಡಿ. ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಕೆಳಗಿನ ರಬ್ಬರ್ ಗುಳ್ಳೆಯನ್ನು ಒತ್ತುತ್ತಾ ಹೋಗಿ, ವಾಪಸ್ ಹೋಗುವ ಸಣ್ಣ ಪೈಪಿನಲ್ಲಿ ಪೆಟ್ರೋಲ್ ಓಡುವುದು ಕಾಣಬೇಕು. ಆಮೇಲೆ ಚೋಕ್ ಹಾಕಿ ಎಳೆಯಿರಿ. ಒಂದು ಸಲ "ಡುರ್ರ್" ಅಂದು ನಿಂತುಹೋಗುತ್ತದೆ. ಅಲ್ಲಿಗೆ ಚೋಕ್ ಕೆಲಸ ಮುಗಿಯಿತು, ತೆಗೆದುಬಿಡಿ, ಮುಂದಿನ ಎಳೆತಗಳೆಲ್ಲ ಚೋಕ್ ಇಲ್ಲದೇ ಆಗಬೇಕು. ಆ ಮೊದಲ ಸದ್ದನ್ನು ಗಮನಿಸದೇ ಚೋಕ್ ಹಾಕಿಕೊಂಡೇ ಜಗ್ಗುತ್ತಾ ಹೋದರೆ ಪ್ಲಗ್ ಪೆಟ್ರೋಲಿನಲ್ಲಿ ಮುಳುಗಿಹೋಗುತ್ತದೆ.

ಪೆಟ್ರೋಲ್ ಯಾವಾಗಿನದು?

ರಿಪೇರಿ ಅಂಗಡಿಗೆ ಯಂತ್ರ ಒಯ್ದರೆ ಮಿಸ್ತ್ರಿ ಕೇಳುವ ಮೊದಲ ಮಾತು "ಪೆಟ್ರೋಲ್ ಯಾವಾಗಿಂದ್ರೀ ಇದು?" ದೀಪಾವಳಿಗೆ ಹಾಕಿದ್ದು ಜೂನ್‌ನಲ್ಲೂ ಟ್ಯಾಂಕಿನಲ್ಲೇ ಇದ್ದರೆ ಉತ್ತರ ಅಲ್ಲೇ ಸಿಕ್ಕಿತು.

ಪೆಟ್ರೋಲ್ ಸುಮ್ನೆ ಕೂತರೂ ಹಳೆಯದಾಗುತ್ತದೆ. ಬೇಗ ಹೊತ್ತಿಕೊಳ್ಳುವ ಹಗುರ ಅಂಶ ಮೊದಲು ಆವಿಯಾಗಿ ಹೋಗುತ್ತದೆ, ಉಳಿದದ್ದು ನಿಧಾನಕ್ಕೆ ಅಂಟಾಗುತ್ತದೆ. ಒಂದು ತಿಂಗಳು ಅನ್ನುವುದು ಲೆಕ್ಕ. ಅದಕ್ಕಿಂತ ಜಾಸ್ತಿ ಕೂತಿದ್ದರೆ ಅನುಮಾನ ಪಡಿ. ಇದರ ಮೇಲೆ ಈಗ ಎಥನಾಲ್ ಸೇರಿದೆ. ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು, ಈಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗುವುದೇ ಅದು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸಕ್ಕರೆ ಕಾರ್ಖಾನೆಗಳೂ ಎಥನಾಲ್ ಮಾಡುತ್ತವೆ, ಕಬ್ಬು ಬೆಳೆಯುವವರಿಗೆ ಅದರಿಂದ ಅನುಕೂಲವೂ ಇದೆ, ಅದನ್ನು ಬೈಯೋಕೆ ನಾನು ಹೊರಟಿಲ್ಲ. ಆದರೆ ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ದಿನಾ ಓಡುವ ಬೈಕಿನಲ್ಲಿ ಪೆಟ್ರೋಲ್ ವಾರದೊಳಗೆ ಖಾಲಿಯಾಗುತ್ತದೆ, ಏನೂ ಗೊತ್ತಾಗುವುದಿಲ್ಲ. ಅರ್ಧ ತುಂಬಿದ ಟ್ಯಾಂಕ್ ಖಾನಾಪುರದಂಥ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕೂತರೆ, ಒಳಗಿನ ತೇವವೆಲ್ಲ ಸೇರಿ, ಎಥನಾಲ್ ಮತ್ತು ನೀರು ಒಟ್ಟಾಗಿ ತಳಕ್ಕೆ ಇಳಿದು ಬೇರೆ ಪದರವೇ ಆಗಿಬಿಡುತ್ತದೆ. ಕಾರ್ಬೊರೇಟರ್ ಪೆಟ್ರೋಲ್ ಎಳೆಯುವುದು ತಳದಿಂದಲೇ ಅಲ್ವಾ. ಹಲವು ಸಣ್ಣ ಎಂಜಿನ್‌ಗಳ ಕೈಪಿಡಿಯಲ್ಲಿ ಎಥನಾಲ್ ಶೇ. 10ರವರೆಗೆ ಮಾತ್ರ ಅಂತ ಬರೆದಿರುತ್ತದೆ, ನಿಮ್ಮದರಲ್ಲಿ ಏನಿದೆ ಒಮ್ಮೆ ನೋಡಿ.

ಪರೀಕ್ಷೆ ಸುಲಭ. ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲ್ ಒಂದು ಗಾಜಿನ ಬಾಟಲಿಗೆ ತೆಗೆದು ಹತ್ತು ನಿಮಿಷ ಬಿಡಿ. ಎರಡು ಪದರ ಕಂಡರೆ, ಬಣ್ಣ ಚಹಾದಂತಾಗಿದ್ದರೆ, ವಾರ್ನಿಶ್ ವಾಸನೆ ಬಂದರೆ ಇಡೀ ಟ್ಯಾಂಕ್ ಖಾಲಿ ಮಾಡಿ. ತೆಗೆದದ್ದನ್ನು ಗಟಾರಕ್ಕೆ, ಬಾವಿ ಕಡೆಗೆ ಚೆಲ್ಲಬೇಡಿ. ಮುಚ್ಚಳ ಇರುವ ಡಬ್ಬಿಯಲ್ಲಿ ಹಾಕಿ ಗ್ಯಾರೇಜಿಗೆ ಕೊಟ್ಟರೆ ಬಿಡಿಭಾಗ ತೊಳೆಯಲು ಇಟ್ಟುಕೊಳ್ಳುತ್ತಾರೆ.

ಟೂ ಸ್ಟ್ರೋಕ್ ಇರುವವರಿಗೆ ಆಯಿಲ್ ಲೆಕ್ಕ. 50ಕ್ಕೆ 1 ಅಂತಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿ ಟೂ-ಟಿ ಆಯಿಲ್. 40ಕ್ಕೆ 1 ಇದ್ದರೆ 25 ಮಿಲಿ, 25ಕ್ಕೆ 1 ಇದ್ದರೆ 40 ಮಿಲಿ. ಯಂತ್ರದ ಮುಚ್ಚಳದ ಮೇಲೋ ಪುಸ್ತಕದಲ್ಲೋ ಇರುತ್ತದೆ. ಔಷಧದ ಬಾಟಲಿಯ ಅಳತೆ ಮುಚ್ಚಳ ಇದ್ದರೆ ಅದೇ ಸಾಕು, "ಅಂದಾಜಿಗೆ ಒಂದು ಗುಟುಕು" ಬೇಡ. ಆಯಿಲ್ ಜಾಸ್ತಿಯಾದರೆ ಹೊಗೆ, ಪ್ಲಗ್ ಮೇಲೆ ಮಸಿ. ಆಯಿಲ್ ಹಾಕದೇ ಬರೀ ಪೆಟ್ರೋಲ್ ಹಾಕಿದರೆ ಪಿಸ್ಟನ್ ಸಿಲಿಂಡರ್‌ಗೆ ಹಿಡಿದುಕೊಳ್ಳುತ್ತದೆ, ಅಲ್ಲಿಗೆ ಎಂಜಿನ್ ಕಥೆ ಮುಗಿದಂತೆಯೇ.

ಈಗ ಪ್ಲಗ್

ಹೊಸ ಪೆಟ್ರೋಲ್ ಹಾಕಿದ್ದೀರಿ, ಚೋಕ್ ಹಾಕಿ ಐದಾರು ಸಲ ಎಳೆದಿದ್ದೀರಿ, ಹತ್ತಲಿಲ್ಲ. ಈಗ ಪ್ಲಗ್ ಪಾನಾ ಹಿಡಿದು ಪ್ಲಗ್ ಬಿಚ್ಚಿ. ಬಿಚ್ಚುವ ಮುಂಚೆ ಸುತ್ತಲಿನ ಧೂಳು ಊದಿ ತೆಗೆಯಿರಿ. ವಿಜಯಪುರ ಕಡೆಯ ಎರೆಮಣ್ಣಿನ ಧೂಳು ಎಂಜಿನ್ ಮೈಮೇಲಿನ ಲೋಹದ ರೆಕ್ಕೆಗಳ ನಡುವೆ ಗಟ್ಟಿಯಾಗಿ ಕೂತಿರುತ್ತದೆ, ಪ್ಲಗ್ ತೆಗೆದ ಕೂಡಲೇ ತೂತಿಗೆ ಬೀಳುತ್ತದೆ. ಆ ಮಣ್ಣು ಸಿಲಿಂಡರ್ ಒಳಗೆ ಪಾಲಿಶ್ ಪೇಪರ್ ಮಾಡುವ ಕೆಲಸವನ್ನೇ ಮಾಡುತ್ತದೆ.

ಪ್ಲಗ್ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಬೆರಳಿಂದ ಮುಟ್ಟಿ ನೋಡಿ, ಮೂಸಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಪೆಟ್ರೋಲ್ ಬರ್ತಾ ಇದೆ, ತೊಂದರೆ ಕಿಡಿಯದ್ದು ಅಥವಾ ಪೆಟ್ರೋಲ್ ಅತಿಯಾದದ್ದು. ಪೂರಾ ಒಣಗಿದ್ದರೆ ಪೆಟ್ರೋಲ್ ಸಿಲಿಂಡರ್ ತನಕ ಬರುತ್ತಲೇ ಇಲ್ಲ. ಇಲ್ಲಿಂದ ದಾರಿ ಎರಡು. ನಿಮ್ಮ ಪ್ಲಗ್ ಯಾವುದು ಅಂತ ನೋಡಿಕೊಂಡು ಆ ದಾರಿ ಹಿಡಿಯಿರಿ.

ಪ್ಲಗ್ ಒದ್ದೆ ಇದ್ದರೆ

ಪೆಟ್ರೋಲ್ ಕಾಕ್ ಇದ್ದರೆ ಮುಚ್ಚಿ, ಚೋಕ್ ತೆಗೆಯಿರಿ. ಸ್ವಿಚ್ ಆಫ್ ಇರಲಿ, ಪ್ಲಗ್ ಟೋಪಿ ದೂರ ಇರಲಿ. ಪ್ಲಗ್ ಇಲ್ಲದೇ ಎಂಟು ಹತ್ತು ಸಲ ಹಗ್ಗ ಎಳೆಯಿರಿ, ಒಳಗೆ ತುಂಬಿದ್ದ ಪೆಟ್ರೋಲ್ ಆವಿಯಾಗಿ ಹೊರಗೆ ಹೋಗುತ್ತದೆ. ಮುಖ ಪ್ಲಗ್ ತೂತಿನ ಎದುರಿಗೆ ಬೇಡ. ಹತ್ತು ನಿಮಿಷ ಹಾಗೇ ಬಿಡಿ.

ಅಷ್ಟರಲ್ಲಿ ಪ್ಲಗ್ ಒರೆಸಿ. ಕರೀ ಮಸಿ ಇದ್ದರೆ ಹಳೇ ಹಲ್ಲುಜ್ಜುವ ಬ್ರಷ್, ಸ್ವಲ್ಪ ಪೆಟ್ರೋಲ್ ಸಾಕು. ತುದಿಯ ಎರಡು ಲೋಹಗಳ ನಡುವಿನ ಅಂತರ ಬಹುಪಾಲು ಮೋವರ್‌ಗಳಲ್ಲಿ 0.7 ರಿಂದ 0.8 ಮಿ.ಮೀ., ಬ್ರಷ್ ಕಟರ್‌ಗಳಲ್ಲಿ 0.6 ರಿಂದ 0.7. ಬಿಳಿ ಪಿಂಗಾಣಿ ಬಿರುಕು ಬಿಟ್ಟಿದ್ದರೆ ಉಜ್ಜುತ್ತಾ ಕೂರಬೇಡಿ, ಹೊಸದು ತನ್ನಿ. ಹಳೆಯದರ ಮೇಲಿರುವ ನಂಬರಿನದೇ ತರಬೇಕು. ಮನೆಯಲ್ಲಿದ್ದ ಬೈಕಿನ ಪ್ಲಗ್ ಎಳೆ ಸರಿಹೋಯಿತು ಅಂತ ಹಾಕಿಬಿಡುವವರಿದ್ದಾರೆ. ಅದರ ಕೆಳಭಾಗ ಉದ್ದ ಇದ್ದರೆ ಪಿಸ್ಟನ್‌ಗೆ ಬಡಿಯುತ್ತದೆ.

ಈಗ ಕಿಡಿ ಪರೀಕ್ಷೆ. ಸಿಲಿಂಡರ್‌ನಿಂದ ಪೆಟ್ರೋಲ್ ಆವಿ ಹೋಗಿದೆ, ನೆಲದ ಮೇಲೆ ಚೆಲ್ಲಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ಇದನ್ನು ಮಾಡಬೇಕು. ಪ್ಲಗ್‌ಗೆ ಟೋಪಿ ಹಾಕಿ, ಪ್ಲಗ್‌ನ ಲೋಹದ ಮೈಯನ್ನು ಎಂಜಿನ್ ರೆಕ್ಕೆಗೆ ತಾಗಿಸಿ, ಪ್ಲಗ್ ತೂತಿನಿಂದ ದೂರ, ರಬ್ಬರ್ ಹಿಡಿಕೆಯ ಇಕ್ಕಳದಲ್ಲಿ ಹಿಡಿದುಕೊಳ್ಳಿ. ಬರಿಗೈಯಲ್ಲಿ ಹಿಡಿದರೆ ಏಟು ಹೊಡೆಯುತ್ತದೆ. ಸ್ವಿಚ್ ಆನ್ ಮಾಡಿ, ಮೋವರ್ ಆದರೆ ಹಿಡಿಕೆಯ ಕಂಬಿಯನ್ನೂ ಒತ್ತಿ, ಇನ್ನೊಬ್ಬರಿಗೆ ಹಗ್ಗ ಎಳೆಯಲು ಹೇಳಿ. ನೆರಳಿನಲ್ಲಿ ನೋಡಿದರೆ ನೀಲಿ ಕಿಡಿ ಚಟ್ ಚಟ್ ಅನ್ನಬೇಕು. ಮಂಕು ಹಳದಿ ಕಿಡಿ ಬಂದರೆ, ಏನೂ ಬರದಿದ್ದರೆ, ಹೊಸ ಪ್ಲಗ್ ಹಾಕಿ ಮತ್ತೆ ನೋಡಿ.

ಹೊಸ ಪ್ಲಗ್‌ನಲ್ಲೂ ಕಿಡಿ ಇಲ್ವಾ? ಕೂಡಲೇ ಕಾಯಿಲ್ (ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಸುರುಳಿ) ಹೋಯ್ತು ಅಂತ ದುಡ್ಡು ಖರ್ಚು ಮಾಡಬೇಡಿ. ಸ್ವಿಚ್‌ನಿಂದ ಕಾಯಿಲ್‌ಗೆ ಒಂದು ತೆಳು ವೈರ್ ಹೋಗಿರುತ್ತದೆ, ಅದು ಎಂಜಿನ್ ಮೈಗೆ ತಾಗಿದರೆ ಎಂಜಿನ್ ಆಫ್, ಸ್ವಿಚ್ ಮಾಡುವುದೂ ಅದನ್ನೇ. ಬ್ರಷ್ ಕಟರ್‌ನಲ್ಲಿ ಈ ವೈರ್ ಹಿಡಿಕೆಯ ಹತ್ತಿರ ಉಜ್ಜಿ ಉಜ್ಜಿ ಸಿಪ್ಪೆ ಹೋಗಿರುತ್ತದೆ, ಗೋದಾಮಿನಲ್ಲಿ ಇಟ್ಟಿದ್ದರೆ ಇಲಿ ಕಡಿದಿರುವುದೂ ಉಂಟು. ಪರೀಕ್ಷೆಗೆ ಮಾತ್ರ ಆ ವೈರನ್ನು ಕಾಯಿಲ್ ಹತ್ತಿರ ಬಿಡಿಸಿ ನೋಡಿ. ಕಿಡಿ ಬಂತು ಅಂದರೆ ಕಾಯಿಲ್ ಚೆನ್ನಾಗಿದೆ, ವೈರ್ ಅಥವಾ ಸ್ವಿಚ್ ಕೆಟ್ಟಿದೆ. ಅದನ್ನು ಸರಿಮಾಡಿ ವಾಪಸ್ ಜೋಡಿಸಲೇಬೇಕು, ಇಲ್ಲಾಂದ್ರೆ ಅಪಾಯ ಬಂದಾಗ ಎಂಜಿನ್ ನಿಲ್ಲಿಸೋಕೆ ಆಗಲ್ಲ.

ಪ್ಲಗ್ ಒಣಗಿದ್ದರೆ

ಮೊದಲು ಒಂದು ಸಣ್ಣ ಪರೀಕ್ಷೆ. ಪ್ಲಗ್ ತೂತಿನಲ್ಲಿ ಅರ್ಧ ಚಮಚ ಪೆಟ್ರೋಲ್ ಹಾಕಿ, ಟೂ ಸ್ಟ್ರೋಕ್ ಆದರೆ ಆಯಿಲ್ ಬೆರೆಸಿದ್ದನ್ನೇ ಹಾಕಿ. ಚೆಲ್ಲಿದ್ದನ್ನು ಒರೆಸಿ, ಪ್ಲಗ್ ಬಿಗಿ ಮಾಡಿ, ಹಗ್ಗ ಎಳೆಯಿರಿ. ಎರಡು ಮೂರು ಸೆಕೆಂಡ್ ಓಡಿ ನಿಂತುಹೋದರೆ ಖುಷಿಪಡಿ. ಕಿಡಿ ಇದೆ, ಕಂಪ್ರೆಷನ್ ಇದೆ, ಟ್ಯಾಂಕಿನಿಂದ ಪೆಟ್ರೋಲ್ ಬರುವ ದಾರಿ ಮಾತ್ರ ಕಟ್ಟಿದೆ.

ಆ ದಾರಿಯನ್ನು ಟ್ಯಾಂಕಿನಿಂದಲೇ ಹಿಡಿದು ಬನ್ನಿ. ಟ್ಯಾಂಕ್ ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ತೂತು ಇರುತ್ತದೆ, ಧೂಳು ಮುಚ್ಚಿದರೆ ಪೆಟ್ರೋಲ್ ಇಳಿಯುವುದಿಲ್ಲ. ಮುಚ್ಚಳ ಸಡಿಲ ಮಾಡಿದ ಮೇಲೆ ಯಂತ್ರ ಹತ್ತಿದರೆ ಕಳ್ಳ ಸಿಕ್ಕ. ಬ್ರಷ್ ಕಟರ್ ಟ್ಯಾಂಕಿನೊಳಗೆ ಪೈಪಿನ ತುದಿಗೆ ಗುಂಡಗಿನ ಫಿಲ್ಟರ್ ಇದೆ, ತಂತಿಯ ಕೊಕ್ಕೆಯಿಂದ ಹೊರಗೆಳೆದು ನೋಡಿ, ಕಪ್ಪಾಗಿ ಗಟ್ಟಿಯಾಗಿದ್ದರೆ ಬದಲಿಸಿ. ಪೈಪನ್ನು ಬೆರಳಲ್ಲಿ ಬಗ್ಗಿಸಿ. ಬಿರುಕು ಕಂಡರೆ ಅಲ್ಲಿಂದ ಗಾಳಿ ಎಳೆಯುತ್ತಿದೆ ಅಂತ ಅರ್ಥ.

ಇಷ್ಟೂ ಸರಿ ಇದ್ದರೆ ಕಾರ್ಬೊರೇಟರ್. ಇಲ್ಲಿ ಆತುರ ಬೇಡ. ಬಿಚ್ಚುವ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ, ಸ್ಪ್ರಿಂಗ್ ಯಾವ ತೂತಿನಲ್ಲಿತ್ತು ಅಂತ ಸಂಜೆ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ. ಕೆಳಗೆ ಬಿಳಿ ಬಟ್ಟೆ ಹಾಸಿ, ಬಿದ್ದ ಸ್ಕ್ರೂ ಕಾಣುತ್ತದೆ.

ಮೋವರ್‌ನಲ್ಲಿ ಕಾರ್ಬೊರೇಟರ್ ಅಡಿಯಲ್ಲಿ ಬಟ್ಟಲಿನಂಥ ಭಾಗ ಇರುತ್ತದೆ. ಪೆಟ್ರೋಲ್ ಕಾಕ್ ಮುಚ್ಚಿ, ಕೆಳಗೊಂದು ಡಬ್ಬಿ ಇಟ್ಟು, ನಡುವಿನ ಬೋಲ್ಟ್ ಬಿಚ್ಚಿ. ಬಹಳ ಯಂತ್ರಗಳಲ್ಲಿ 10ರ ಪಾನಾ ಹತ್ತುತ್ತದೆ. ಬಟ್ಟಲು ಕೈಗೆ ಬಂದಾಗ ಅದರ ತಳ ನೋಡಿ. ಚೆನ್ನಾಗಿದ್ದರೆ ಲೋಹ ಹೊಳೆಯುತ್ತದೆ. ಕೆಟ್ಟಿದ್ದರೆ ಹಸಿರು ಬಣ್ಣದ ಅಂಟು, ಬಿಳಿ ಪುಡಿ, ನಡುವೆ ಗುಂಡಗೆ ಉರುಳುವ ನೀರಿನ ಹನಿ, ಒಂದೆರಡು ಮರಳಿನ ಕಾಳು. ಬಟ್ಟಲು ಕೂರುವ ಜಾಗದ ನಟ್ಟನಡುವೆ ಒಂದು ಕಂಬ, ಅದರೊಳಗೆ ಹಿತ್ತಾಳೆಯ ಸಣ್ಣ ಜೆಟ್, ಅಂದರೆ ಪೆಟ್ರೋಲ್ ಹಾಯುವ ತೂತಿರುವ ತುಂಡು. ಕೆಲವು ಮಾದರಿಗಳಲ್ಲಿ ಆ ಬೋಲ್ಟೇ ಜೆಟ್. ಬಿಚ್ಚಿ ಬೆಳಕಿಗೆ ಹಿಡಿದರೆ ತೂತು ಗುಂಡಗೆ ಕಾಣಬೇಕು. ಕಾಣದಿದ್ದರೆ ನಿಮ್ಮ ಯಂತ್ರದ ಇಡೀ ಜಗಳ ಆ ಸೂಜಿಮೊನೆಯಷ್ಟು ತೂತಿನಲ್ಲಿದೆ.

ಅದಕ್ಕೆ ಸೂಜಿ, ಪಿನ್ನು ಚುಚ್ಚಬೇಡಿ. ಹಿತ್ತಾಳೆ ಮೆತ್ತಗಿನದು, ತೂತು ಹಿಗ್ಗಿದರೆ ಪೆಟ್ರೋಲ್ ಜಾಸ್ತಿ ಹೋಗಿ ಇನ್ನೊಂದು ರಗಳೆ. ಕರೆಂಟ್ ವೈರಿನ ಒಂದು ತಾಮ್ರದ ಎಳೆ ತೆಗೆದು ಮೆಲ್ಲಗೆ ಆಡಿಸಿ, ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆಯಿರಿ. ಕನ್ನಡಕ ಹಾಕಿಕೊಂಡೇ ಹೊಡೆಯಬೇಕು, ಒಂದು ತೂತಿಗೆ ಹೊಡೆದದ್ದು ಇನ್ನೊಂದರಿಂದ ಕಣ್ಣಿಗೆ ಬರುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯಲ್ಲಿ ಊದಿಸಿದರೂ ಆಯಿತು. ಪೆಟ್ರೋಲಿನ ಮೇಲೆ ತೇಲುವ ಫ್ಲೋಟ್ ಮೇಲೆ ಕೆಳಗೆ ಸಲೀಸಾಗಿ ಆಡುತ್ತದೆಯಾ ನೋಡಿ, ಬಟ್ಟಲಿನ ಸುತ್ತಲಿನ ರಬ್ಬರ್ ರಿಂಗ್ ಜೋಪಾನ, ಹರಿದರೆ ಸೋರುತ್ತದೆ.

ಬ್ರಷ್ ಕಟರ್ ಕಾರ್ಬೊರೇಟರ್‌ನಲ್ಲಿ ಬಟ್ಟಲು ಸಾಮಾನ್ಯವಾಗಿ ಇರಲ್ಲ, ಯಂತ್ರ ಓರೆಯಾದರೂ ಓಡಬೇಕಲ್ಲ, ಅದಕ್ಕೆ ಡಯಾಫ್ರಾಮ್ ಅನ್ನುವ ತೆಳುವಾದ ಪೊರೆ ಇರುತ್ತದೆ. ಮುಚ್ಚಳ ಬಿಚ್ಚಿ ಅದನ್ನು ಮುಟ್ಟಿ ನೋಡಿ. ಮೆತ್ತಗೆ ಬಾಗಬೇಕು. ಒಣಗಿ ಗರಿಗರಿ ಸದ್ದು ಮಾಡಿದರೆ ಅದು ಪೆಟ್ರೋಲ್ ಎಳೆಯಲಾರದು, ಕಿಟ್ ತಂದು ಬದಲಿಸಿ. ಕಿಟ್ ಕೊಳ್ಳಲು ಹೋದಾಗ ಕಾರ್ಬೊರೇಟರನ್ನೇ ಕೈಯಲ್ಲಿ ಹಿಡಿದು ಹೋಗಿ, ನೋಡಲು ಒಂದೇ ಥರ ಇದ್ದು ತೂತು ಬೇರೆ ಇರುವ ಕಿಟ್‌ಗಳು ಬೇಕಾದಷ್ಟಿವೆ. ಇನ್ನೊಂದು ಬದಿಯ ಮುಚ್ಚಳದ ಕೆಳಗೆ ಅಗಸಿ ಬೀಜದಷ್ಟು ಸಣ್ಣ ಜಾಲರಿ ಇರುತ್ತದೆ, ಅದರಲ್ಲೂ ಕಸ ಕೂತಿರುತ್ತದೆ. ಹೊರಗಿನ ಎಚ್, ಎಲ್ ಅಂತ ಬರೆದ, ಪೆಟ್ರೋಲ್ ಪ್ರಮಾಣ ಹೊಂದಿಸುವ ಸ್ಕ್ರೂಗಳನ್ನು ಸುಮ್ನೆ ತಿರುವಬೇಡಿ.

ಗಾಳಿ ಹೋಗುವ, ಬರುವ ದಾರಿ

ಏರ್ ಫಿಲ್ಟರ್ ತೆಗೆದು ನೋಡಿ. ಸ್ಪಂಜಿನದಾದರೆ ಸೋಪಿನ ನೀರಲ್ಲಿ ತೊಳೆದು, ಹಿಂಡಿ, ನೆರಳಲ್ಲಿ ಒಣಗಿಸಿ, ಎಂಜಿನ್ ಆಯಿಲ್ ಎರಡು ಹನಿ ಹಾಕಿ ಹಿಚುಕಿ. ಕಾಗದದ್ದಾದರೆ ತೊಳೆಯುವಂತಿಲ್ಲ, ಮೆಲ್ಲಗೆ ತಟ್ಟಿ ಧೂಳು ಉದುರಿಸಿ, ಆಗದಿದ್ದರೆ ಹೊಸದು. ಫಿಲ್ಟರ್ ತೆಗೆದಿಟ್ಟೇ ಓಡಿಸುವ ಚಾಳಿ ಕೆಲವರಿಗಿದೆ. ಬಿಸಿಲುಕಾಲದಲ್ಲಿ ವಿಜಯಪುರದ ಧೂಳಿನಲ್ಲಿ ಹಾಗೆ ಮಾಡಿದರೆ ಪಿಸ್ಟನ್ ರಿಂಗ್ ಬಹಳ ದಿನ ಬಾಳಲ್ಲ.

ಸೈಲೆನ್ಸರ್ ಬಾಯಿಯನ್ನೂ ಟಾರ್ಚ್ ಹಾಕಿ ನೋಡಿ. ಬೇಸಿಗೆಯೆಲ್ಲಾ ಕೂತ ಯಂತ್ರದಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರಬಹುದು. ಟೂ ಸ್ಟ್ರೋಕ್ ಸೈಲೆನ್ಸರ್‌ನ ಬಾಯಲ್ಲಿ ಕೆಲವುದಕ್ಕೆ ಸಣ್ಣ ಜಾಲರಿ ಇರುತ್ತದೆ, ಅದು ಮಸಿಯಿಂದ ಮುಚ್ಚಿಹೋದರೆ ಹೊಗೆ ಹೊರಗೆ ಹೋಗದೇ ಎಂಜಿನ್ ಉಸಿರುಗಟ್ಟುತ್ತದೆ. ಬಿಚ್ಚಿ ವೈರ್ ಬ್ರಷ್‌ನಲ್ಲಿ ಉಜ್ಜಿ.

ಕಲ್ಲಿಗೆ ಹೊಡೆದ ಮೇಲೆ ನಿಂತಿದ್ದರೆ

ಇದು ಮೋವರ್‌ನವರಿಗೆ. ಹುಲ್ಲೊಳಗಿನ ಕಲ್ಲಿಗೋ ಮರದ ಬೇರಿಗೋ ಬ್ಲೇಡ್ ಬಡಿದು ಎಂಜಿನ್ ಗಕ್ಕನೆ ನಿಂತಿತು, ಆಮೇಲೆ ಹತ್ತುತ್ತಿಲ್ಲ, ಹಗ್ಗ ಎಳೆದರೆ ಕೈಯಿಂದ ಹಿಂದಕ್ಕೆ ಕಿತ್ತುಕೊಳ್ಳುತ್ತದೆ, ಅಥವಾ ಸೈಲೆನ್ಸರ್‌ನಲ್ಲಿ ಪಟಾಕಿ ಸದ್ದು. ಹೀಗಿದ್ದರೆ ಫ್ಲೈವೀಲ್ (ಎಂಜಿನ್ ದಂಡದ ತುದಿಗೆ ಕೂತ ಭಾರದ ಚಕ್ರ) ಕೀ ಜರುಗಿದೆ. ದಂಡಕ್ಕೂ ಫ್ಲೈವೀಲಿಗೂ ನಡುವೆ ಇರುವ ಆ ತುಂಡನ್ನು ಮೆತ್ತಗಿನ ಲೋಹದಲ್ಲಿ ಮಾಡಿರುತ್ತಾರೆ, ಪೆಟ್ಟು ಬಿದ್ದಾಗ ಅದು ಹೋಗಿ ದಂಡ ಉಳಿಯಲಿ ಅಂತ. ಕೀ ತುಸು ತಿರುಗಿದರೂ ಕಿಡಿ ಬರುವ ಹೊತ್ತು ತಪ್ಪುತ್ತದೆ. ಪ್ಲಗ್, ಪೆಟ್ರೋಲ್ ಎಲ್ಲಾ ಸರಿಯಿದ್ದೂ ಯಂತ್ರ ಹತ್ತದಿರುವುದು ಹೀಗೆ. ಫ್ಲೈವೀಲ್ ಎಳೆಯಲು ಪುಲ್ಲರ್ ಅನ್ನುವ ಸಾಧನ ಬೇಕು, ಸುತ್ತಿಗೆಯಲ್ಲಿ ಬಡಿದು ತೆಗೆಯಬೇಡಿ. ಕೀ ಬದಲು ಮೊಳೆಯ ತುಂಡು ಹಾಕಿಕೊಡ್ತೀನಿ ಅನ್ನುವ ಮಿಸ್ತ್ರಿ ಸಿಕ್ಕರೆ ಯಂತ್ರ ವಾಪಸ್ ತನ್ನಿ, ಮುಂದಿನ ಕಲ್ಲಿಗೆ ದಂಡವೇ ಸೊಟ್ಟಗಾಗುತ್ತದೆ.

ಕರೆಂಟ್ ಮೋವರ್ ಆದರೆ

ಗುಂಯ್ ಅಂತಿದೆ, ತಿರುಗುತ್ತಿಲ್ಲ ಅಂದರೆ ತಕ್ಷಣ ಆಫ್ ಮಾಡಿ. ಪ್ಲಗ್ ಬೋರ್ಡ್‌ನಿಂದ ಕಿತ್ತ ಮೇಲೆ ಬ್ಲೇಡಿಗೆ ಹುಲ್ಲು ಸುತ್ತಿದೆಯಾ ನೋಡಿ. ಇಲ್ಲದಿದ್ದರೆ ವೋಲ್ಟೇಜ್ ಕಡಿಮೆ ಇರಬಹುದು, ತೆಳು ಎಕ್ಸ್‌ಟೆನ್ಶನ್ ವೈರ್ ಉದ್ದಕ್ಕೆ ಎಳೆದಿರಬಹುದು, ಕೆಪಾಸಿಟರ್ ಹೋಗಿರಬಹುದು. ಕೆಪಾಸಿಟರ್ ಕರೆಂಟ್ ತೆಗೆದ ಮೇಲೂ ಏಟು ಕೊಡುತ್ತದೆ, ಅದನ್ನು ಗೊತ್ತಿದ್ದವರಿಗೇ ಬಿಡಿ. ಒದ್ದೆ ಹುಲ್ಲಿನ ಮೇಲೆ ಕರೆಂಟ್ ಮೋವರ್ ಬೇಡವೇ ಬೇಡ.

ಮಿಸ್ತ್ರಿ ಹತ್ತಿರ ಹೋಗುವುದು ಯಾವಾಗ

ಹಗ್ಗ ಯಾವ ತಡೆಯೂ ಇಲ್ಲದೇ ಸರಾಗವಾಗಿ ಬರುತ್ತಿದೆ, ಪ್ಲಗ್ ಬಿಗಿಯಾಗಿಯೇ ಇದೆ ಅಂದರೆ ಕಂಪ್ರೆಷನ್ ಹೋಗಿದೆ. ರಿಂಗ್, ವಾಲ್ವ್, ಗ್ಯಾಸ್ಕೆಟ್ ಯಾವುದಾದರೂ ಇರಬಹುದು. ಪ್ಲಗ್ ತೆಗೆದರೂ ಹಗ್ಗ ಅಲುಗುವುದಿಲ್ಲ, ಬ್ಲೇಡಿಗೂ ಏನೂ ಸಿಕ್ಕಿಕೊಂಡಿಲ್ಲ ಅಂದರೆ ಪಿಸ್ಟನ್ ಹಿಡಿದಿದೆ. ಸ್ವಿಚ್ ವೈರ್ ಬಿಡಿಸಿದರೂ ಕಿಡಿ ಇಲ್ಲ ಅಂದರೆ ಕಾಯಿಲ್. ಈ ಮೂರಕ್ಕೂ ಮನೆಯಲ್ಲಿ ಕೂತು ಮಾಡುವಂಥದ್ದು ಏನಿಲ್ಲ.

ಹೋದಾಗ "ಸ್ಟಾರ್ಟ್ ಆಗವಲ್ದು" ಅಂತಷ್ಟೇ ಹೇಳಿ ಯಂತ್ರ ಬಿಟ್ಟುಬರಬೇಡಿ. ಪ್ಲಗ್ ಒದ್ದೆ ಇತ್ತೋ ಒಣಗಿತ್ತೋ, ಕಿಡಿ ಬಂತೋ ಇಲ್ಲವೋ, ಪೆಟ್ರೋಲ್ ಯಾವಾಗ ಬದಲಿಸಿದ್ದು, ಕಲ್ಲಿಗೆ ಹೊಡೆದಿತ್ತಾ ಇವಿಷ್ಟು ಹೇಳಿ. ಮಿಸ್ತ್ರಿಗೂ ಹುಡುಕುವ ಕೆಲಸ ಕಡಿಮೆ, ನಿಮಗೂ ಬೇಡದ ಸಾಮಾನಿನ ಬಿಲ್ಲು ಬರುವುದಿಲ್ಲ. ಬದಲಿಸಿದ ಹಳೇ ಸಾಮಾನು ಕೇಳಿ ವಾಪಸ್ ತೆಗೆದುಕೊಳ್ಳಿ. ವರ್ಷದ ಕೆಲಸ ಮುಗಿದು ಯಂತ್ರ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಮುಗಿದು ತಾನಾಗಿ ನಿಲ್ಲುವ ತನಕ ಓಡಿಸಿ, ಆಮೇಲೆ ಗೋಣಿಚೀಲ ಹೊದಿಸಿ.